ಕನ್ನಡನಾಡಿನ ಮನೋವೈದ್ಯ ಬೋಧಕ ಪರಂಪರೆ: ಒಂದು ಚಾರಿತ್ರಿಕ ಪರಿಶೀಲನೆ

೧

ವೈದ್ಯಕೀಯ ವಿದ್ಯಾಲಯವೊಂದರ ಮನೋವೈದ್ಯ ವಿಭಾಗದಲ್ಲಿ ಬೋಧಕನು ಹೇಗೆ ರೂಪುಗೊಳ್ಳುತ್ತಾನೆ ಎಂಬ ಪ್ರಶ್ನೆಯು ಕನ್ನಡ ಅಧ್ಯಯನದ ವ್ಯಾಪ್ತಿಗೆ ಹೊರತಾದುದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಮನೋವೈದ್ಯನ ಮುಖ್ಯ ಸಾಧನ ಮಾತು. ರಕ್ತಪರೀಕ್ಷೆಯಾಗಲಿ ಎಕ್ಸ್‌ರೇ ಆಗಲಿ ಇಲ್ಲಿ ಹೆಚ್ಚಿನ ನೆರವನ್ನು ನೀಡಲಾರವು. ರೋಗಿ ಆಡಿದ ಮಾತು, ಆಡದೆ ಉಳಿಸಿಕೊಂಡ ಮಾತು, ಜೊತೆಗೆ ಬಂದ ಮನೆಯವರ ಮಾತು, ಇವುಗಳಿಂದಲೇ ರೋಗನಿರ್ಣಯವಾಗಬೇಕು. ಹೀಗಿರುವಲ್ಲಿ ಈ ಶಾಸ್ತ್ರದ ಬೋಧನೆಯ ಚರಿತ್ರೆಯು ಭಾಷೆಯ ಚರಿತ್ರೆಯೂ ಆಗಿರುತ್ತದೆ. ಕನ್ನಡನಾಡಿನಲ್ಲಿ ಈ ಬೋಧನೆ ಬೆಳೆದು ಬಂದ ಬಗೆಯನ್ನು ಹೊರನಾಡಿನ ಸಂಶೋಧಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಪುಣೆಯ ದಕ್ಷಿಣ ಭಾಗದ ಬಿಬವೇವಾಡಿಯಲ್ಲಿ ನೆಲೆಸಿರುವ ನಮಗೆ ಈ ಪ್ರಶ್ನೆ ಎದುರಾದದ್ದು ಗ್ರಂಥಾಲಯದಲ್ಲಿ ಅಲ್ಲ. ಸಾತಾರಾ ರಸ್ತೆಯ ಪೂರ್ವಕ್ಕಿರುವ ಈ ಬಡಾವಣೆಗೆ ಮಾರ್ಕೆಟ್ ಯಾರ್ಡ್ ಸಮೀಪದಲ್ಲಿದೆ. ಅಲ್ಲಿ ಹಮಾಲಿ ಮಾಡುವವರಲ್ಲಿ ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬಂದ ಕನ್ನಡಿಗರೂ ಇದ್ದಾರೆ. ಅಂಥವರಲ್ಲಿ ಒಬ್ಬ ಹಿರಿಯರನ್ನು ಕೆಲವು ವರ್ಷಗಳ ಹಿಂದೆ ನಗರದ ಒಂದು ಬೋಧನಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ದುಭಾಷಿಯಾಗಿ ಕರೆದೊಯ್ಯುವ ಪ್ರಸಂಗ ಬಂದಿತು. ಅವರು ಹೇಳಿದ್ದು ಒಂದೇ ಮಾತು: “ಜೀವಕ್ಕ ಸಮಾಧಾನ ಇಲ್ಲರೀ.” ಉತ್ತರ ಭಾರತದಿಂದ ಬಂದಿದ್ದ ತರುಣ ಬೋಧಕರಿಗೆ ನಾವು ಅದನ್ನು ಹಿಂದಿಯಲ್ಲಿ ತಿಳಿಸುವಾಗ ‘ಜೀವ’ ಎಂಬ ಶಬ್ದವನ್ನು ಹಾಗೆಯೇ ಉಳಿಸಿದೆವು. ಅವರು ಅದನ್ನು ಪ್ರಾಣವೆಂಬ ಅರ್ಥದಲ್ಲಿ ಗ್ರಹಿಸಿ, ರೋಗಿಗೆ ಬದುಕು ಬೇಡವಾಗಿದೆ ಎಂದು ಬರೆದುಕೊಳ್ಳತೊಡಗಿದರು. ಬದಿಯಲ್ಲಿ ಕುಳಿತಿದ್ದ ಹಿರಿಯ ಪ್ರಾಧ್ಯಾಪಕರು ಮರಾಠಿಗರು. ತಮ್ಮ ಊರಿನಲ್ಲಿಯೂ ನೆಮ್ಮದಿಯಿಲ್ಲದವರು ‘ಜೀವ’ದ ಹೆಸರು ಹಿಡಿದೇ ಹೇಳಿಕೊಳ್ಳುತ್ತಾರೆ ಎಂದು ಅವರು ಮೆಲ್ಲಗೆ ತಿಳಿಸಿ, ನಿದ್ರೆ, ಊಟ, ಕೆಲಸದ ಬಗ್ಗೆ ಮೊದಲು ವಿಚಾರಿಸುವಂತೆಯೂ ಸಾವಿನ ಯೋಚನೆಯ ಬಗ್ಗೆ ಅನಂತರ ಬೇರೆಯಾಗಿ ಕೇಳುವಂತೆಯೂ ಸೂಚಿಸಿದರು. ರೋಗಿಯ ಎದುರಿನಲ್ಲಿ ಕಿರಿಯರ ತಪ್ಪನ್ನು ಎತ್ತಿ ಆಡಲಿಲ್ಲ. ಪ್ರಶ್ನೆಯನ್ನು ತಾವೇ ಕೇಳಿ ಮುಗಿಸಲೂ ಇಲ್ಲ. ರೋಗಿ ಹೊರಟ ಮೇಲೆ ಇಬ್ಬರೂ ಆ ಒಂದು ಶಬ್ದವನ್ನು ಕುರಿತು ಸ್ವಲ್ಪ ಹೊತ್ತು ಮಾತನಾಡುತ್ತ ಕುಳಿತರು.

ಇಂದು ‘ಬೋಧಕವರ್ಗದ ಅಭಿವೃದ್ಧಿ’ ಎಂದೂ ‘ಮಾರ್ಗದರ್ಶಕತ್ವ’ ಎಂದೂ ಕರೆಯಲಾಗುವ ವಿಷಯದ ತಿರುಳು ಆ ಸ್ವಲ್ಪ ಹೊತ್ತಿನಲ್ಲಿ ಅಡಗಿತ್ತೆಂದು ನಾವು ಭಾವಿಸುತ್ತೇವೆ. ಕಟ್ಟಡ, ಹಾಸಿಗೆ, ಕಾನೂನುಗಳಿಂದ ಆಸ್ಪತ್ರೆ ಆಗಬಹುದು. ವಿಭಾಗ ಎನ್ನಿಸಿಕೊಳ್ಳಬೇಕಾದರೆ ಬೋಧಕನು ಇನ್ನೊಬ್ಬ ಬೋಧಕನನ್ನು ಬೆಳೆಸುವ ಏರ್ಪಾಡು ಅಲ್ಲಿ ಇರಬೇಕು. ಈ ಅಭಿಪ್ರಾಯಕ್ಕೆ ಕನ್ನಡನಾಡಿನ ಎರಡು ಆಸ್ಪತ್ರೆಗಳ ಚರಿತ್ರೆ ಸ್ಪಷ್ಟವಾದ ಆಧಾರವನ್ನು ಒದಗಿಸುತ್ತದೆ.

೨

ಧಾರವಾಡದ ಹುಚ್ಚಾಸ್ಪತ್ರೆ ೧೮೪೫ರಲ್ಲಿಯೂ ಬೆಂಗಳೂರಿನದು ೧೮೪೭ರಲ್ಲಿಯೂ ಸ್ಥಾಪಿತವಾದುವು. ಎರಡರ ನಡುವೆ ಎರಡೇ ವರ್ಷಗಳ ಅಂತರ. ಆಗ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ೧೯೫೬ರ ರಾಜ್ಯ ಪುನರ್‌ವಿಂಗಡಣೆಯವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಪುಣೆಯೂ ಒಂದೇ ಆಡಳಿತದ ಅಡಿಯಲ್ಲಿದ್ದುವು ಎಂಬುದನ್ನು ಹೊರನಾಡಿನ ಓದುಗರು ಇಲ್ಲಿ ನೆನಪಿಡಬೇಕು. ಪುಣೆಯ ಯರವಡಾ ಮಾನಸಿಕ ಆಸ್ಪತ್ರೆ ಮತ್ತು ಧಾರವಾಡದ ಆಸ್ಪತ್ರೆಗಳು ಈ ದೃಷ್ಟಿಯಿಂದ ಒಂದೇ ಮನೆತನದವು. ಬೆಂಗಳೂರಿನ ಆಸ್ಪತ್ರೆಯು ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ ಹುಟ್ಟಿ, ೧೮೮೧ರಲ್ಲಿ ಸಂಸ್ಥಾನವು ಒಡೆಯರಿಗೆ ಮರಳಿದ ಮೇಲೆ ಸಂಸ್ಥಾನದ ಆಸ್ಪತ್ರೆಯಾಗಿ ಮುಂದುವರಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಆಸ್ಪತ್ರೆಗಳ ಸ್ವರೂಪದಲ್ಲಿ ಹೆಚ್ಚಿನ ವ್ಯತ್ಯಾಸವಿದ್ದಂತೆ ತೋರುವುದಿಲ್ಲ. ೧೮೫೮ರ ಕಾಯಿದೆಯಾಗಲಿ ಅನಂತರ ಬಂದ ೧೯೧೨ರ ಭಾರತೀಯ ಹುಚ್ಚರ ಕಾಯಿದೆಯಾಗಲಿ ಮುಖ್ಯವಾಗಿ ಚಿಂತಿಸಿದ್ದು ಯಾರನ್ನು ಒಳಗೆ ಸೇರಿಸಬೇಕು, ಯಾರ ಅಪ್ಪಣೆಯಿಂದ ಬಿಡಬೇಕು ಎಂಬುದನ್ನು. ವೈದ್ಯನನ್ನು ತರಬೇತುಗೊಳಿಸುವ ಮಾತು ಆ ಕಾಯಿದೆಗಳ ಹೃದಯದಲ್ಲಿ ಇರಲಿಲ್ಲ. ಪ್ರಾಂತಗಳ ಆಸ್ಪತ್ರೆಗಳಲ್ಲಿ ಮೇಲ್ವಿಚಾರಕರಾಗಿ ಬರುತ್ತಿದ್ದವರು ವರ್ಗಾವಣೆಗೆ ಒಳಪಡುವ ಅಧಿಕಾರಿಗಳು. ಒಬ್ಬನು ಗಳಿಸಿದ ಅನುಭವವು ಅವನೊಂದಿಗೆ ಬೇರೆ ಊರಿಗೆ ಹೊರಟುಹೋಗುತ್ತಿತ್ತು.

ಎರಡರ ದಾರಿಗಳು ಇಪ್ಪತ್ತನೆಯ ಶತಮಾನದಲ್ಲಿ ಬೇರೆಯಾದುವು. ಬೆಂಗಳೂರಿನದು ರಾಷ್ಟ್ರೀಯ ಸಂಸ್ಥೆಯಾಗಿ ಬೆಳೆಯಿತು. ಧಾರವಾಡದ ಆಸ್ಪತ್ರೆಯಾದರೋ ಏಕೀಕರಣವಾದ ಮೇಲೂ, ಪಕ್ಕದ ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮೇಲೂ, ಬಹುಕಾಲ ಆಶ್ರಯಸ್ಥಾನದ ಸ್ವರೂಪವನ್ನೇ ಉಳಿಸಿಕೊಂಡಿತು. ಅದು ‘ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ’ (ಡಿಮ್ಹಾನ್ಸ್) ಎಂಬ ಸ್ವಾಯತ್ತ ಸಂಸ್ಥೆಯಾಗಿ ಮರುಹುಟ್ಟು ಪಡೆದದ್ದು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಾಗ, ಅಂದರೆ ಹುಟ್ಟಿದ ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಹಾಸಿಗೆಗಳ ಸಂಖ್ಯೆಯಿಂದ ಈ ಅಂತರವನ್ನು ವಿವರಿಸಲು ಬರುವುದಿಲ್ಲ. ಹಾಸಿಗೆಗಳೇ ಮಾನದಂಡವಾಗಿದ್ದರೆ ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಯರವಡಾ ಆಸ್ಪತ್ರೆಯು ದೇಶಕ್ಕೇ ಗುರುಪೀಠವಾಗಬೇಕಿತ್ತು.

೩

ಮೈಸೂರು ಸಂಸ್ಥಾನದಲ್ಲಿ ನಡೆದದ್ದು ಏನು? ಸಂಸ್ಥಾನವು ತನ್ನ ವೈದ್ಯರಲ್ಲಿ ಕೆಲವರನ್ನು ಆಯ್ದು, ಹೊರದೇಶಕ್ಕೆ ಕಳುಹಿಸಿ, ಹಿಂದಿರುಗಿದ ಮೇಲೆ ಅದೇ ಆಸ್ಪತ್ರೆಯಲ್ಲಿ ನಿಲ್ಲಿಸಿಕೊಂಡಿತು. ನಮ್ಮ ದೃಷ್ಟಿಯಲ್ಲಿ ನಿರ್ಣಾಯಕವಾದ ಅಂಶ ಇದು. ಮೊದಲು ಫ್ರಾಂಕ್ ನೊರೋನ್ಹಾ, ಅವರ ತರುವಾಯ ಎಂ. ವಿ. ಗೋವಿಂದಸ್ವಾಮಿ ಈ ಬಗೆಯಲ್ಲಿ ರೂಪುಗೊಂಡವರು. ೧೯೨೫ರಲ್ಲಿ ಹುಚ್ಚಾಸ್ಪತ್ರೆಯ ಹೆಸರು ‘ಮಾನಸಿಕ ಆಸ್ಪತ್ರೆ’ ಎಂದು ಬದಲಾಯಿತು. ಹೆಸರಿನ ಬದಲಾವಣೆಗೆ ತಕ್ಕಂತೆ ಒಳಗಿನ ಮನುಷ್ಯರೂ ಬದಲಾದದ್ದು ಮೈಸೂರಿನ ವಿಶೇಷ. ೧೯೩೦ರ ದಶಕದಲ್ಲಿ ಆಸ್ಪತ್ರೆಯು ಲಕ್ಕಸಂದ್ರದ ಬಳಿಯ ವಿಶಾಲವಾದ ನಿವೇಶನಕ್ಕೆ ಬಂದಿತು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ (೧೯೨೬-೧೯೪೧) ಕಾಲ ಅದು.

ಈ ಬೆಳವಣಿಗೆಗೆ ಸಂಸ್ಥಾನದ ವಿದ್ಯಾವಾತಾವರಣವೂ ಅನುಕೂಲವಾಗಿತ್ತು. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯವು ೧೯೨೪ರಲ್ಲಿಯೇ ಮನಶ್ಶಾಸ್ತ್ರ ವಿಭಾಗವನ್ನು ತೆರೆದಿತ್ತು. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಇವರೇ ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದವರು ಎಂಬುದು ಕನ್ನಡಿಗರಿಗೆ ಪರಿಚಿತವಾದ ಸಂಗತಿ. ಮನಸ್ಸಿನ ಶಾಸ್ತ್ರವು ಆಸ್ಪತ್ರೆಯ ಗೋಡೆಗಳ ಒಳಗಿನ ಗುಟ್ಟಾಗಿರದೆ ಕಾಲೇಜಿನ ಪಾಠವೂ ಆಗಿದ್ದ ನಾಡಿನಲ್ಲಿ ಮನೋವೈದ್ಯನಿಗೆ ಮಾತನಾಡಲು ಸಹೋದ್ಯೋಗಿಗಳು ಸಿಕ್ಕಿದರು.

ಗೋವಿಂದಸ್ವಾಮಿಯವರು ಲಂಡನ್ನಿನ ಮಾಡ್‌ಸ್ಲೇ ಆಸ್ಪತ್ರೆಯಲ್ಲಿಯೂ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಅಡಾಲ್ಫ್ ಮೇಯರ್ ಅವರ ಬಳಿಯೂ ತರಬೇತಿ ಪಡೆದರು. ಈ ಎರಡು ನೆಲೆಗಳ ಆಯ್ಕೆ ಗಮನಾರ್ಹ. ರೋಗಿಯ ಬಾಳಿನ ಸಮಗ್ರ ವೃತ್ತಾಂತವನ್ನು ಸಂಗ್ರಹಿಸದೆ ರೋಗದ ಹೆಸರನ್ನು ಹೇಳಬಾರದೆಂಬುದು ಮೇಯರ್ ಅವರ ಪದ್ಧತಿ. ಮಾಡ್‌ಸ್ಲೇ ಆಸ್ಪತ್ರೆಯಾದರೋ ಮನೋವೈದ್ಯರ ತರಬೇತಿಯನ್ನೇ ತನ್ನ ಮುಖ್ಯ ಕೆಲಸವೆಂದು ಬಗೆದ ಸಂಸ್ಥೆ. ಅದರ ಮುಖ್ಯಸ್ಥರಾದ ಎಡ್ವರ್ಡ್ ಮಾಪದರ್ ೧೯೩೦ರ ದಶಕದ ಕೊನೆಯಲ್ಲಿ ಸಿಂಹಳ ಮತ್ತು ಭಾರತಗಳಿಗೆ ಬಂದರು. ಬ್ರಿಟಿಷ್ ಭಾರತದ ಮಾನಸಿಕ ಆಸ್ಪತ್ರೆಗಳನ್ನು ಅವರು ಕಟುವಾಗಿ ಟೀಕಿಸಿದರು. ಅವರ ಮೆಚ್ಚುಗೆಯನ್ನು ಗಳಿಸಿದ್ದು ಸಂಸ್ಥಾನದ ಆಡಳಿತದಲ್ಲಿದ್ದ ಬೆಂಗಳೂರು. ಸಾಮ್ರಾಜ್ಯದ ನೇರ ಆಳ್ವಿಕೆಯಲ್ಲಿದ್ದ ಧಾರವಾಡ, ಪುಣೆಗಳಿಗೆ ದಕ್ಕದ ಭಾಗ್ಯವು ದೇಶೀಯ ಸಂಸ್ಥಾನವೊಂದಕ್ಕೆ ದಕ್ಕಿತೆಂಬುದು ವಸಾಹತು ಕಾಲದ ವೈದ್ಯಚರಿತ್ರೆಯನ್ನು ಬರೆಯುವವರು ಚಿಂತಿಸಬೇಕಾದ ವಿಷಯ.

೪

ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಆರೋಗ್ಯ ಸಮಿತಿ ೧೯೪೩ರಲ್ಲಿ ನೇಮಕಗೊಂಡು ೧೯೪೬ರಲ್ಲಿ ವರದಿ ಸಲ್ಲಿಸಿತು. ನಲವತ್ತು ಕೋಟಿ ಜನಸಂಖ್ಯೆಯ ದೇಶದಲ್ಲಿ ಸುಮಾರು ೪೦,೦೦೦ ಮಂದಿಗೆ ಒಂದರಂತೆ ಮಾನಸಿಕ ಆಸ್ಪತ್ರೆಯ ಹಾಸಿಗೆಗಳಿದ್ದುವು. ಇಂಗ್ಲೆಂಡಿನಲ್ಲಿ ಈ ಪ್ರಮಾಣವು ಸುಮಾರು ೩೦೦ಕ್ಕೆ ಒಂದು. ಸಮಿತಿಯು ಹಾಸಿಗೆಗಳನ್ನು ಹೆಚ್ಚಿಸಬೇಕೆಂದು ಹೇಳಿದ್ದಲ್ಲದೆ ತರಬೇತಿ ಪಡೆದ ಸಿಬ್ಬಂದಿಯ ಕೊರತೆಯನ್ನು ಎತ್ತಿ ತೋರಿಸಿ, ಅದಕ್ಕಾಗಿಯೇ ಒಂದು ಸಂಸ್ಥೆ ಬೇಕೆಂದು ಶಿಫಾರಸು ಮಾಡಿತು. ಈ ಶಿಫಾರಸಿನ ಫಲವಾಗಿ ೧೯೫೪ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡಂತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಅದರ ಮೊದಲ ನಿರ್ದೇಶಕರು ಗೋವಿಂದಸ್ವಾಮಿ. ೧೯೫೫ರಲ್ಲಿ ಮನೋವೈದ್ಯ ಮತ್ತು ವೈದ್ಯಕೀಯ ಮನಶ್ಶಾಸ್ತ್ರಗಳ ಡಿಪ್ಲೊಮಾ ತರಗತಿಗಳು ಆರಂಭವಾದುವು. ಬಳಿಕ ಮನೋವೈದ್ಯಕೀಯ ಶುಶ್ರೂಷೆ, ಸಮಾಜಕಾರ್ಯಗಳ ಶಿಕ್ಷಣವೂ ಸೇರಿಕೊಂಡಿತು. ದೆಹಲಿಯಾಗಲಿ ಮುಂಬಯಿಯಾಗಲಿ ಅಲ್ಲದೆ ಬೆಂಗಳೂರು ಈ ಗೌರವಕ್ಕೆ ಪಾತ್ರವಾದುದರಲ್ಲಿ ಆಕಸ್ಮಿಕವೇನೂ ಇಲ್ಲ. ಕಲಿಸಲು ಬಲ್ಲವರು ಅಲ್ಲಿ ಆಗಲೇ ಇದ್ದರು.

ಈ ಕಾಲದ ಬೋಧನೆಯ ಒಂದು ಲಕ್ಷಣವನ್ನು ಇಲ್ಲಿ ವಿವರಿಸುವುದು ಅಗತ್ಯ. ಮನೋವೈದ್ಯ, ಮನಶ್ಶಾಸ್ತ್ರಜ್ಞ, ದಾದಿ, ಸಮಾಜಕಾರ್ಯಕರ್ತ ಇವರೆಲ್ಲರೂ ಒಬ್ಬನೇ ರೋಗಿಯ ಸುತ್ತ ಕುಳಿತು ಕಲಿಯುವ ಪದ್ಧತಿ ಅಲ್ಲಿ ಬೇರೂರಿತು. ಕಿರಿಯ ವೈದ್ಯನು ರೋಗಚರಿತ್ರೆಯನ್ನು ಬರೆದು ತಂದು ಸಭೆಯ ಮುಂದೆ ಓದುತ್ತಾನೆ. ಹಿರಿಯನು ಅದನ್ನು ಪ್ರಶ್ನಿಸುತ್ತಾನೆ. ಪುಸ್ತಕದಲ್ಲಿ ಇದ್ದುದನ್ನು ಒಪ್ಪಿಸುವುದು ಇಲ್ಲಿ ಸಾಲದು. ರೋಗಿ ಯಾವ ಶಬ್ದವನ್ನು ಬಳಸಿದ, ಅದನ್ನು ಹೇಳುವಾಗ ಯಾರ ಮುಖ ನೋಡಿದ ಎಂಬುದಕ್ಕೆ ಉತ್ತರ ಹೇಳಬೇಕು. ರೋಗಿಯನ್ನು ಕಾಣುವ ಕೆಲಸವೂ ಕಾಣುವುದನ್ನು ಕಲಿಸುವ ಕೆಲಸವೂ ಒಂದೇ ಕೋಣೆಯಲ್ಲಿ ನಡೆಯುವುದರಿಂದ, ಇಂದಿನ ವಿದ್ಯಾರ್ಥಿಯು ಕೆಲವೇ ವರ್ಷಗಳಲ್ಲಿ ಪ್ರಶ್ನೆ ಕೇಳುವ ಸ್ಥಾನಕ್ಕೆ ಬರುತ್ತಾನೆ. ತನಗೆ ಕೇಳಿದ ಪ್ರಶ್ನೆಗಳ ನೆನಪೇ ಅವನ ಬೋಧನಶಾಸ್ತ್ರ.

ಹೊರಗಿನಿಂದ ಬಂದ ಗುರುಗಳೂ ಈ ಕಾರ್ಯದಲ್ಲಿ ನೆರವಾದರು. ಜರ್ಮನಿಯ ಹೈಡೆಲ್‌ಬರ್ಗ್ ಪರಂಪರೆಯವರಾದ ವಿಲ್ಹೆಲ್ಮ್ ಮೇಯರ್-ಗ್ರಾಸ್ ಅವರು ನಾಜಿಗಳ ಆಳ್ವಿಕೆ ಬಂದಾಗ ೧೯೩೩ರಲ್ಲಿ ದೇಶ ಬಿಟ್ಟು ಇಂಗ್ಲೆಂಡಿನಲ್ಲಿ ನೆಲೆಸಿದವರು. ೧೯೫೦ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಾರರಾಗಿ ಅವರು ಬೆಂಗಳೂರಿಗೆ ಬಂದರು. ಸ್ಲೇಟರ್ ಮತ್ತು ರಾತ್ ಅವರೊಡನೆ ಅವರು ಬರೆದ, ೧೯೫೪ರಲ್ಲಿ ಪ್ರಕಟವಾದ ಪಠ್ಯಗ್ರಂಥವು ಒಂದು ತಲೆಮಾರಿನ ಮನೋವೈದ್ಯರ ಕೈಪಿಡಿಯಾಯಿತು. ಪಠ್ಯವನ್ನು ಬರೆದವರೇ ಎದುರು ಕುಳಿತು ಕಲಿಸುವ ಯೋಗ ಲಕ್ಕಸಂದ್ರದಲ್ಲಿ ಕಲಿಯುತ್ತಿದ್ದವರಿಗೆ ಒದಗಿತು.

ಮುಂದಿನ ಮೈಲಿಗಲ್ಲುಗಳನ್ನು ಸಂಗ್ರಹವಾಗಿ ಹೇಳಬಹುದು. ರಾಜ್ಯದ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಸಂಸ್ಥೆಗಳು ಒಂದುಗೂಡಿ ೧೯೭೪ರ ಡಿಸೆಂಬರ್ ೨೭ರಂದು ನಿಮ್ಹಾನ್ಸ್, ಅಂದರೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಸ್ತಿತ್ವಕ್ಕೆ ಬಂದಿತು. ಶಸ್ತ್ರವೈದ್ಯರಾದ ಆರ್. ಎಂ. ವರ್ಮ ಅದರ ಮೊದಲ ನಿರ್ದೇಶಕರು. ೧೯೯೪ರಲ್ಲಿ ಅದಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನವೂ, ೨೦೧೨ರ ಅಧಿನಿಯಮದ ಮೂಲಕ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನವೂ ದೊರೆತುವು.

೫

ಗುರುಪರಂಪರೆಯನ್ನು ಕೊಂಡಾಡುವಾಗ ಒಂದು ಎಚ್ಚರಿಕೆ ಅವಶ್ಯ. ಪರಂಪರೆಯು ವಿವೇಕವನ್ನು ಸಾಗಿಸುವಂತೆಯೇ ದೋಷವನ್ನೂ ಸಾಗಿಸಬಲ್ಲದು. ೧೯೪೦ರ ದಶಕದಲ್ಲಿ ಇನ್ಸುಲಿನ್ ಕೋಮಾ ಚಿಕಿತ್ಸೆಯೂ, ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಶಸ್ತ್ರಚಿಕಿತ್ಸೆಯೂ ಲೋಕದ ದೊಡ್ಡ ಕೇಂದ್ರಗಳಲ್ಲಿ ನಡೆಯುತ್ತಿದ್ದಂತೆ ಬೆಂಗಳೂರಿನಲ್ಲಿಯೂ ನಡೆದುವು. ಇವನ್ನು ಕಲಿತವರು ಶ್ರದ್ಧೆಯಿಂದಲೇ ಕಲಿತರು, ಕಲಿಸಿದವರು ಶ್ರದ್ಧೆಯಿಂದಲೇ ಕಲಿಸಿದರು. ಹೊಸ ಔಷಧಗಳು ಬಂದ ಮೇಲೆ ಎರಡೂ ಹಿಂದೆ ಸರಿದುವು. ಗುರುವಿನ ಮೇಲಿನ ಭಕ್ತಿ ಒಂದೇ ಆಧಾರವಾಗಿರುವ ವಿಭಾಗದಲ್ಲಿ ಇಂಥ ತಪ್ಪುಗಳು ತಿದ್ದುಪಡಿಯಾಗುವುದು ತಡವಾಗುತ್ತದೆ. ಭಿನ್ನಾಭಿಪ್ರಾಯಕ್ಕೆ ಎಡೆಯಿರುವುದೂ ಮಾರ್ಗದರ್ಶಕತ್ವದ ಒಂದು ಅಂಗವೇ.

ಈ ದೃಷ್ಟಿಯಿಂದ ಎನ್. ಸಿ. ಸೂರ್ಯ ಅವರ ಸ್ಥಾನ ಮಹತ್ವದ್ದು. ೧೯೬೦ರ ದಶಕದಲ್ಲಿ ಅಖಿಲ ಭಾರತ ಸಂಸ್ಥೆಯ ನಿರ್ದೇಶಕರಾಗಿದ್ದ ಅವರು ಪಶ್ಚಿಮದ ಮನೋಚಿಕಿತ್ಸೆಯ ಕಲ್ಪನೆಗಳನ್ನು ಹಾಗೆಯೇ ಇಳಿಸಿಕೊಳ್ಳುವುದನ್ನು ಪ್ರಶ್ನಿಸಿದರು. ಎಸ್. ಎಸ್. ಜಯರಾಮ್ ಅವರೊಡನೆ ೧೯೬೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಭಾರತೀಯ ರೋಗಿಯು ತನ್ನ ಅಂತರಂಗದ ಸಂಘರ್ಷಗಳ ವಿಶ್ಲೇಷಣೆಗಿಂತ ಎದುರಿಗಿರುವ ಸಂಕಟದಲ್ಲಿ ನೇರವಾದ ಆಸರೆಯನ್ನು ಸ್ವೀಕರಿಸಲು ಹೆಚ್ಚು ಸಿದ್ಧನಿರುತ್ತಾನೆಂದು ಅವರು ತೋರಿಸಿದರು. ವೈದ್ಯನ ಸಮಯವನ್ನು ಹಟಹಿಡಿದು ಕೇಳುವ ರೋಗಿಯ ನಡವಳಿಕೆಯನ್ನು ದೋಷವೆಂದು ಎಣಿಸದೆ ಸಂಸ್ಕೃತಿಯ ಲಕ್ಷಣವೆಂದು ಅವರು ಗುರುತಿಸಿದರು. ನಿರ್ದೇಶಕರ ಪೀಠದಲ್ಲಿ ಕುಳಿತವರೇ ಪಠ್ಯಕ್ರಮದ ತಳಹದಿಯನ್ನು ಅಲುಗಿಸಿ ನೋಡಿದ್ದು ಕಿರಿಯರಿಗೆ ದೊಡ್ಡ ಪಾಠವಾಗಿದ್ದಿರಬೇಕು.

ಇದೇ ಕಾಲಮಾನದ ಇನ್ನೊಂದು ವಿಚಾರವೂ ಇಲ್ಲಿ ಪ್ರಸ್ತುತ. ಪಂಜಾಬಿ ಕವಿಯೂ ಮನೋವೈದ್ಯರೂ ಆದ ಜಸ್ವಂತ್ ಸಿಂಗ್ ನೇಕಿ ಅವರು ೧೯೭೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗುರು-ಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಒಂದು ಮಾದರಿಯಾಗಿ ಪರಿಶೀಲಿಸಿದರು. ಅವರ ಗಮನವಿದ್ದುದು ವೈದ್ಯ ಮತ್ತು ರೋಗಿಯ ಸಂಬಂಧದ ಮೇಲೆ. ಆದರೆ ಆ ವಿಚಾರವನ್ನು ವಿಭಾಗದೊಳಗಿನ ಹಿರಿಯ ಮತ್ತು ಕಿರಿಯ ಬೋಧಕರ ಸಂಬಂಧಕ್ಕೂ ಅನ್ವಯಿಸಬಹುದೆಂದು ನಮಗೆ ತೋರುತ್ತದೆ. ಶಿಷ್ಯನು ಗುರುವನ್ನು ಅವಲಂಬಿಸುವುದು ನಾಚಿಕೆಯ ವಿಷಯವಲ್ಲ. ಆ ಅವಲಂಬನೆಯನ್ನು ತನ್ನ ಕೀರ್ತಿಗಾಗಿ ಬಳಸಿಕೊಳ್ಳದೆ ಶಿಷ್ಯನ ಬೆಳವಣಿಗೆಗಾಗಿ ಬಳಸುವುದು ಗುರುವಿನ ಹೊಣೆ. ಶಿಷ್ಯನ ಪ್ರಬಂಧದಲ್ಲಿ ತನ್ನ ಹೆಸರು ಎಲ್ಲಿ ಬರಬೇಕೆಂಬುದಷ್ಟನ್ನೇ ಚಿಂತಿಸುವ ಹಿರಿಯರು ಈ ಹೊಣೆಯನ್ನು ಮರೆತವರು.

೬

ಕನ್ನಡ ಭಾಷೆಯು ಈ ಚರಿತ್ರೆಯೊಳಗೆ ನೇರವಾಗಿ ಪ್ರವೇಶಿಸುವುದು ಕೋಟದ ಅಧ್ಯಯನದಲ್ಲಿ. ಆಗಿನ ದಕ್ಷಿಣ ಕನ್ನಡ, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಆರ್. ಎಲ್. ಕಪೂರ್ ಅವರು ಮಾರಿಸ್ ಕಾರ್‌ಸ್ಟೇರ್ಸ್ ಅವರೊಡನೆ ನಡೆಸಿದ ಕ್ಷೇತ್ರಕಾರ್ಯವು ೧೯೭೬ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವಾಗಿ ಹೊರಬಂದಿತು. ಕಾರ್‌ಸ್ಟೇರ್ಸ್ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾಗಿದ್ದವರು, ಭಾರತದಲ್ಲಿ ಹುಟ್ಟಿದವರು. ಕಪೂರ್ ಪಂಜಾಬಿನ ಕಡೆಯವರು, ಎಡಿನ್‌ಬರೋದಲ್ಲಿ ಕಲಿತವರು. ಗುರು-ಶಿಷ್ಯರಿಬ್ಬರಿಗೂ ಕನ್ನಡ ಮನೆಮಾತಲ್ಲ. ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ಸಂಕಟವನ್ನು ಅಳೆಯಬೇಕಾದರೆ ಪ್ರಶ್ನೆಗಳನ್ನು ಅಲ್ಲಿಯ ಜನರ ಆಡುಮಾತಿಗೆ ಹೊಂದಿಸಬೇಕಿತ್ತು. ಕಪೂರ್, ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ೧೯೭೪ರಲ್ಲಿ ಪ್ರಕಟಿಸಿದ ಭಾರತೀಯ ಮನೋವೈದ್ಯ ಸಂದರ್ಶನ ಕ್ರಮವು ಈ ಅಗತ್ಯದಿಂದ ಹುಟ್ಟಿದುದು. ಕೋಟದ ಜನರು ವೈದ್ಯ, ಮಂತ್ರವಾದಿ, ಪಾತ್ರಿಗಳ ಬಳಿಗೂ ಡಾಕ್ಟರರ ಬಳಿಗೂ ಹೋಗುತ್ತಿದ್ದರೆಂದೂ, ಒಂದನ್ನು ಹಿಡಿದವರು ಇನ್ನೊಂದನ್ನು ಬಿಟ್ಟಿರಲಿಲ್ಲವೆಂದೂ ಆ ಸಂಶೋಧನೆಯಿಂದ ತಿಳಿದುಬಂದಿತು.

೧೯೭೫ರಲ್ಲಿ ಕಪೂರ್ ನಿಮ್ಹಾನ್ಸ್‌ನ ಮನೋವೈದ್ಯ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದಾಗ ಕೋಟದ ಅನುಭವವೂ ಅವರೊಡನೆ ಬಂದಿತು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಅಲ್ಲಿ ಬೋಧಕರು ತಮ್ಮ ವಿದ್ಯೆಯನ್ನು ಕಿರಿಯ ಆರೋಗ್ಯ ಕಾರ್ಯಕರ್ತರಿಗೆ ಕನ್ನಡದಲ್ಲಿ ಕಲಿಸಬೇಕಾಯಿತು. ಈ ಪ್ರಯೋಗ ೧೯೮೫ರಲ್ಲಿ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಅಪಸ್ಮಾರ, ಖಿನ್ನತೆ, ತೀವ್ರ ಮನೋರೋಗಗಳನ್ನು ಗುರುತಿಸುವ ತರಬೇತಿ ಅಲ್ಲಿ ದೊರೆಯಿತು. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್ ಅವರ ಹೆಸರುಗಳು ಈ ಕಾರ್ಯದೊಡನೆ ಸೇರಿಕೊಂಡಿವೆ. ೧೯೯೬ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಬಳ್ಳಾರಿಯೇ ಅದಕ್ಕೆ ಮಾದರಿ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಸಕಲವಾರ, ಬಳ್ಳಾರಿಗಳಲ್ಲಿ ತರಬೇತಿಯಾದದ್ದು ಆರೋಗ್ಯ ಕಾರ್ಯಕರ್ತರಿಗೆ ಮಾತ್ರವಲ್ಲ, ಬೋಧಕರಿಗೂ ಆಯಿತು. ‘ಸ್ಕಿಜೋಫ್ರೀನಿಯ’ ಎಂಬ ಶಬ್ದವನ್ನು ಬಳಸದೆ ಆ ಕಾಯಿಲೆಯನ್ನು ಹಳ್ಳಿಯ ದಾದಿಗೆ ವಿವರಿಸಬೇಕಾದಾಗ ಬೋಧಕನಿಗೆ ತನ್ನ ತಿಳಿವಳಿಕೆಯ ಆಳವೆಷ್ಟೆಂಬುದು ಗೊತ್ತಾಗುತ್ತದೆ. ಚಂದ್ರಶೇಖರ್ ಅವರು ಮನೋವೈದ್ಯ ವಿಷಯಗಳನ್ನು ಕುರಿತು ಕನ್ನಡದಲ್ಲಿ ಬರೆದ ಬಹುಸಂಖ್ಯೆಯ ಪುಸ್ತಕಗಳನ್ನು ಜನಪ್ರಿಯ ಸಾಹಿತ್ಯವೆಂದು ಬದಿಗಿಡುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಅವು ಕನ್ನಡದ ಶಾಸ್ತ್ರಸಾಹಿತ್ಯದ ಚರಿತ್ರೆಗೆ ಸೇರಬೇಕಾದ ಕೃತಿಗಳು. ಒಂದು ವಿಭಾಗವು ತನ್ನ ಸುತ್ತಲ ಜನರ ಭಾಷೆಯಲ್ಲಿ ಯೋಚಿಸಲು ಕಲಿತುದರ ದಾಖಲೆ ಅವುಗಳಲ್ಲಿದೆ.

೭

ಇನ್ನು ಇತ್ತೀಚಿನ ಕಾಲ. ಬೋಧಕನಾಗಲು ವಿಷಯಜ್ಞಾನ ಒಂದೇ ಸಾಲದು, ಕಲಿಸುವ ಕಲೆಯನ್ನೂ ಕಲಿಯಬೇಕೆಂಬ ಅರಿವು ಭಾರತದ ವೈದ್ಯಕೀಯ ಕ್ಷೇತ್ರದಲ್ಲಿ ೧೯೭೦ರ ದಶಕದಿಂದ ಬೆಳೆಯಿತು. ಪುದುಚೇರಿಯ ಜಿಪ್ಮರ್‌ನಲ್ಲಿ ರಾಷ್ಟ್ರೀಯ ಶಿಕ್ಷಕ ತರಬೇತಿ ಕೇಂದ್ರ ಸ್ಥಾಪಿತವಾದದ್ದು ಆ ದಶಕದಲ್ಲಿ. ಭಾರತೀಯ ವೈದ್ಯಕೀಯ ಪರಿಷತ್ತು ೨೦೦೯ರಿಂದ ಬೋಧಕರಿಗೆ ಶಿಕ್ಷಣ ತಂತ್ರಗಳ ಕಾರ್ಯಾಗಾರಗಳನ್ನು ವ್ಯವಸ್ಥಿತವಾಗಿ ಏರ್ಪಡಿಸಿತು. ೨೦೧೯ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ವೈದ್ಯವಿದ್ಯಾರ್ಥಿಗಳ ಆರಂಭಿಕ ತರಗತಿಗಳಲ್ಲಿಯೇ ಸ್ಥಳೀಯ ಭಾಷೆಯ ಕಲಿಕೆಗೆ ಸ್ಥಾನ ನೀಡಿತು. ೨೦೨೦ರಲ್ಲಿ ಪರಿಷತ್ತಿನ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು.

ಇವೆಲ್ಲವೂ ಸ್ವಾಗತಾರ್ಹ. ಆದರೂ ಕೆಲವು ದಿನಗಳ ಕಾರ್ಯಾಗಾರದಿಂದ ದೊರೆಯುವುದಕ್ಕೂ ವರ್ಷಗಳ ಸಹವಾಸದಿಂದ ದೊರೆಯುವುದಕ್ಕೂ ಭೇದವಿದೆ. ಪಾಠದ ಉದ್ದೇಶಗಳನ್ನು ಬರೆಯುವುದು, ಪ್ರಶ್ನಪತ್ರಿಕೆಯನ್ನು ರಚಿಸುವುದು ಕಾರ್ಯಾಗಾರದಲ್ಲಿ ಬರುತ್ತವೆ. ಅಳುವ ರೋಗಿಯ ಎದುರು ಎಷ್ಟು ಹೊತ್ತು ಸುಮ್ಮನಿರಬೇಕೆಂಬುದು ಹಿರಿಯರೊಬ್ಬರು ಸುಮ್ಮನಿದ್ದುದನ್ನು ನೋಡಿಯೇ ಬರಬೇಕು. ರೋಗಿ ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಬಂದ ದಿನ ಕಿರಿಯ ವೈದ್ಯನ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಯಾವ ನಿಯಮಾವಳಿಯೂ ಉತ್ತರಿಸುವುದಿಲ್ಲ. ಮನೋವೈದ್ಯ ವಿಭಾಗದ ಕಿರಿಯರು ಬೇರೆಯವರ ಸಂಕಟವನ್ನು ದಿನವೆಲ್ಲ ಹೊತ್ತವರು. ತಮ್ಮನ್ನು ಅಂಕಗಳಿಂದ ಅಳೆಯುವ ಹಿರಿಯರ ಮುಂದೆ ತಮ್ಮ ದಣಿವನ್ನು ಹೇಳಿಕೊಳ್ಳಲು ಅವರು ಹಿಂಜರಿಯುವುದು ಸಹಜ. ಆದಕಾರಣ ಮೌಲ್ಯಮಾಪನ ಮಾಡುವವರೂ ಮಾರ್ಗದರ್ಶನ ಮಾಡುವವರೂ ಬೇರೆ ಬೇರೆಯಾಗಿರುವುದು ಒಳಿತು.

ಈ ಕಾರ್ಯದ ತುರ್ತನ್ನು ಅಂಕಿಸಂಖ್ಯೆಗಳು ಹೇಳುತ್ತವೆ. ನಿಮ್ಹಾನ್ಸ್ ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ ೧೦.೬ರಷ್ಟು ಜನರಿಗೆ ಆಗ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಸಮೀಕ್ಷೆಯ ಪೂರ್ವಪ್ರಯೋಗ ನಡೆದದ್ದು ನಮ್ಮ ಕೋಲಾರದಲ್ಲಿ. ಆದರೆ ಅಂತಿಮವಾಗಿ ಆಯ್ದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವಾಗಲಿ ಮಹಾರಾಷ್ಟ್ರವಾಗಲಿ ಇರಲಿಲ್ಲ. ಎರಡು ರಾಜ್ಯಗಳ ಗಡಿಯನ್ನು ದಾಟಿ ದುಡಿಯಲು ಹೋಗುವ ಕನ್ನಡಿಗರ ಮನಃಸ್ಥಿತಿಯ ಅಧ್ಯಯನವು ಇನ್ನೂ ಮಾಡಬೇಕಾದ ಕೆಲಸವಾಗಿ ಉಳಿದಿದೆ.

೮

೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ರೋಗಿಯ ಸಮ್ಮತಿಯನ್ನು ವಿವರಿಸುವಾಗ, ಮಾಹಿತಿಯನ್ನು ಆತನಿಗೆ ಅರ್ಥವಾಗುವ ಭಾಷೆಯಲ್ಲಿ ಮತ್ತು ರೀತಿಯಲ್ಲಿ ಕೊಡಬೇಕೆಂದು ಹೇಳುತ್ತದೆ. ೧೯೧೨ರ ಕಾಯಿದೆಯಿಂದ ಇಲ್ಲಿಯವರೆಗೆ ನಾವು ಬಂದ ದೂರವು ಈ ಒಂದು ವಾಕ್ಯದಿಂದ ತಿಳಿಯುತ್ತದೆ. ಆದರೆ ಕಾನೂನು ಭಾಷೆಯನ್ನು ವಿಧಿಸಬಲ್ಲದೇ ಹೊರತು ಕಿವಿಯನ್ನು ಕೊಡಲಾರದು. ಕಿವಿಯನ್ನು ತಯಾರುಮಾಡುವುದು ವಿಭಾಗದ ಕೆಲಸ.

ಹೊರನಾಡಿನ ಸಂಶೋಧಕರಲ್ಲಿ ನಮ್ಮ ವಿನಂತಿ ಎರಡು. ಮೊದಲನೆಯದು, ಧಾರವಾಡ ಮತ್ತು ಯರವಡಾ ಆಸ್ಪತ್ರೆಗಳ ಹಳೆಯ ಕಡತಗಳನ್ನು ಮುಂಬಯಿ ಪ್ರಾಂತದ ಒಂದೇ ಚರಿತ್ರೆಯ ಭಾಗಗಳಾಗಿ ಓದಬೇಕು. ಕನ್ನಡ, ಮರಾಠಿಗಳೆರಡನ್ನೂ ಬಲ್ಲವರು ಈ ಕೆಲಸಕ್ಕೆ ತಕ್ಕವರು. ಎರಡನೆಯದು, ನಿವೃತ್ತರಾಗಿರುವ ಮನೋವೈದ್ಯ ಬೋಧಕರ ನೆನಪುಗಳನ್ನು ಅವರು ನಮ್ಮೊಡನಿರುವಾಗಲೇ ದಾಖಲಿಸಬೇಕು. ಯಾರು ಯಾರಿಗೆ ಕಲಿಸಿದರೆಂಬುದು ವಾರ್ಷಿಕ ವರದಿಗಳಲ್ಲಿ ಸಿಗಬಹುದು. ಹೇಗೆ ಕಲಿಸಿದರು, ರೋಗಿಯ ಯಾವ ಮಾತಿನ ಮುಂದೆ ತಡವರಿಸಿದರು, ಆಗ ಯಾರು ನೆರವಿಗೆ ಬಂದರು ಎಂಬುದು ಅವರ ನಾಲಗೆಯ ಮೇಲೆ ಮಾತ್ರ ಇದೆ.

ಬಿಬವೇವಾಡಿಯ ನಮ್ಮ ಹಮಾಲರು ಔಷಧದಿಂದಲೂ ಮಾತಿನಿಂದಲೂ ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. ಮೂರನೆಯ ಭೇಟಿಯ ಹೊತ್ತಿಗೆ ಆ ತರುಣ ಬೋಧಕರು ದುಭಾಷಿಯ ಕಡೆಗೆ ತಿರುಗದೆ, ತಡವರಿಸುತ್ತಲೇ, ಕನ್ನಡದಲ್ಲಿ ಕೇಳಿದರು: “ಜೀವಕ್ಕ ಸಮಾಧಾನ ಐತೇನ್ರೀ?” ಅವರ ಹಿಂದೆ ಇನ್ನೂ ಕಿರಿಯನಾದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ನಿಂತು ಆ ಶಬ್ದಗಳನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಿದ್ದನು.